ಷಡ್ಡಕರ ಮೂರು ವರ್ಷದ ಗಡುವು

ನನ್ನ ಷಡ್ಡಕರ ಮನೆಯಲ್ಲಿ ಮನುಷ್ಯರನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಗಡುವಿನ ಚೀಟಿ ಅಂಟಿಸಿರುತ್ತದೆ! ಮನುಷ್ಯರನ್ನು ಬಿಟ್ಟದ್ದು ಕರುಣೆಯಿಂದಲ್ಲ, ಮೈಮೇಲೆ ಚೀಟಿ ನಿಲ್ಲುವುದಿಲ್ಲವಲ್ಲ, ಅದಕ್ಕೆ. ಶೇಂಗಾ ಚಟ್ನಿ, ಚಪ್ಪಲಿ, ಹಲ್ಲುಜ್ಜುವ ಬ್ರಷ್ಷು, ಯಾವುದೂ ಪಾರಾಗಿಲ್ಲ. ಒಮ್ಮೆ ನಾನೊಂದು ನಗೆಹನಿ ಹೇಳಿದೆ. "ತಮ್ಮಾ, ಇದರ ವಾಯಿದೆ ಹೋದ ವರ್ಷನ ಮುಗದೈತಿ" ಅಂದುಬಿಟ್ಟರು.

ಅವರಿಗೆ ಈ ಪರದೇಶದ ಓವರ್‌ಲೇಕ್ ಬಡಾವಣೆಯಲ್ಲಿ ಸಾಫ್ಟ್‌ವೇರ್ ಕೆಲಸ. ಶನಿವಾರ ಮಾತ್ರ ಕೈದಿಗಳ ಪತ್ರಗಳಿಗೆ ಉತ್ತರ ಬರೆಯುವ ಸೇವೆ. ವಕೀಲರೇನಲ್ಲ. ಜೈಲಿನಲ್ಲಿ ತನ್ನ ಹಕ್ಕಿಗೆ ಪೆಟ್ಟು ಬಿದ್ದರೆ ಕೈದಿ ಮೊದಲು ಅಲ್ಲೇ ದೂರು ಕೊಡಬೇಕು. ಅದು ಮುಗಿದ ಮೇಲೆ ಕೋರ್ಟು. ಆದರೆ ಈ ರಾಜ್ಯದಲ್ಲಿ ಪೆಟ್ಟು ಗೊತ್ತಾದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ತಡವಾದರೆ ಎಷ್ಟೇ ಸತ್ಯವಿದ್ದರೂ ಬಾಗಿಲು ಮುಚ್ಚಿತು. ಆ ಕೊನೆಯ ದಿನವನ್ನು ಲೆಕ್ಕ ಹಾಕಿ ನೆನಪಿಸುವುದು ಷಡ್ಡಕರ ಕೆಲಸ. ಇಂಥವರು ಮನೆಯಲ್ಲಿ ಸುಮ್ಮನಿರುತ್ತಾರೆಯೇ?

"ಮದುವ್ಯಾಗ ನಿಮ್ಮ ಅಕ್ಕ ನನಗ ಏನಂದಿದ್ರು, ನೆನಪೈತೇನ್ರಿ?" ಎಂದು ಅವರ ಹೆಂಡತಿ ಒಮ್ಮೆ ಕೇಳಿದರು.

"ಮೂರು ವರ್ಷ ದಾಟೈತಿ. ದಾವೆ ನಡಿಯಂಗಿಲ್ಲ."

"ನನ್ನ ಕೋರ್ಟಿನ್ಯಾಗ ಗಡುವು ಇಲ್ರಿ!"

ಅಂದು ಪಾತ್ರೆ ತೊಳೆದವರು ಷಡ್ಡಕರೇ.

ಅವರ ಅಕ್ಷರವೋ, ಶಾಯಿಗೆ ಬಿದ್ದ ಇರುವೆ ಎದ್ದು ನಡೆದ ಹಾಗೆ. ಅದಕ್ಕೇ ಪತ್ರ ಟೈಪಿಸುವವನು ನಾನು. ಮೂವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ ಮುಗಿಸಿದವನು, ನಡೆಯುವುದು ಒಂದೇ ಬೆರಳು. "ನೀ ಪತ್ರ ಮುಗಸೂದ್ರಾಗ ಕೈದಿ ಬಿಡುಗಡೆ ಆಗಿ ಬಂದಿರ್ತಾನ!" ಎಂದು ನಗುತ್ತಿದ್ದರು.

ಒಬ್ಬ ಮುದುಕ ಕೈದಿ ಬರೆದಿದ್ದ. ಕಿವಿ ಸೋರುತ್ತಿದ್ದರೂ ಜೈಲಿನಲ್ಲಿ ತಿಂಗಳುಗಟ್ಟಲೆ ಔಷಧ ಕೊಡಲಿಲ್ಲವಂತೆ. ಇನ್ನು ಎಡಗಿವಿ ಕೇಳಿಸದು ಎಂದು ಡಾಕ್ಟರು ಹೇಳಿದ ದಿನ 04/07. ನಾನು ಮೂರು ವರ್ಷ ಕೂಡಿಸಿ, ಜುಲೈ ನಾಲ್ಕು ಕೊನೆಯ ದಿನ ಎಂದು ಟೈಪಿಸಿದೆ. ಇಲ್ಲಿಯವರ ಸ್ವಾತಂತ್ರ್ಯ ದಿನ, ಮರೆಯುವ ಮಾತೇ ಇಲ್ಲ ಎಂದು ಹಿಗ್ಗಿದೆ ಕೂಡ! ಈ ದೇಶದಲ್ಲಿ ತಿಂಗಳು ಮೊದಲು, ದಿನ ಆಮೇಲೆ ಎನ್ನುವುದು ನನಗೆ ಗೊತ್ತಿತ್ತು. ಬೆರಳಿಗೆ ಗೊತ್ತಿರಲಿಲ್ಲ.

ಉಪ್ಪಿನಕಾಯಿ ಚೀಟಿಯನ್ನೂ ಎರಡೆರಡು ಸಲ ನೋಡುವ ಷಡ್ಡಕರು, ನನ್ನನ್ನು ನಂಬಿ, ನೋಡದೆ ಸಹಿ ಹಾಕಿದರು.

ಮುದುಕ ಜೂನ್ ಮುಗಿಯುವ ಮೊದಲೇ ದಾವೆ ಕಳಿಸಿದ. ಗಡುವು ಏಪ್ರಿಲ್ ಏಳಕ್ಕೇ ಮುಗಿದಿತ್ತು. ಜೈಲಿನೊಳಗಿನ ದೂರಿಗೆ ಹಿಡಿದ ದಿನಗಳನ್ನು ಲೆಕ್ಕದಿಂದ ಕಳೆದರೂ ಸಾಲಲಿಲ್ಲ. ಕೋರ್ಟು ದಾವೆಯನ್ನು ವಜಾ ಮಾಡಿತು. ಕಿವಿಯ ವಿಷಯ ಯಾರೂ ಕೇಳಲೇ ಇಲ್ಲ.

ಆ ಶನಿವಾರ ಷಡ್ಡಕರು ಈಸ್ಟ್‌ಗೇಟಿನ ನಮ್ಮ ಮನೆಗೆ ಬಂದರು. ಕೈಯಲ್ಲಿ, ದಾವೆ ವಜಾ ಆಯಿತೆಂದು ಮುದುಕ ಬರೆದ ಪತ್ರ. ಬೈಗುಳಕ್ಕೆ ತಲೆ ತಗ್ಗಿಸಿ ಕೂತೆ.

"ಅಂವಗ ಉತ್ತರ ಕೊಡಬೇಕು. ಟೈಪ್ ಮಾಡು. 'ತಾರೀಖು ತಪ್ಪಾಗಿ ಓದಿದವನು ನಾನು' ಅಂತ."

"ಅಣ್ಣಾ, ಓದಿದಾಂವ ನಾನಲ್ಲೇನ್ರಿ?"

"ಸಹಿ ಯಾರ್ದು?"

ನಾನು ಕೀಬೋರ್ಡನ್ನು ಹತ್ತಿರ ಎಳೆದುಕೊಂಡೆ.

"ಮತ್ತ? ಟೈಪ್ ಮಾಡು."

ಇಂಗ್ಲಿಷಿನಲ್ಲಿ 'ನಾನು' ಎನ್ನುವುದಕ್ಕೆ ಒಂದೇ ಅಕ್ಷರ. ಅದೊಂದನ್ನು ಒತ್ತಲು ನನ್ನಿಂದ ಆಗಲಿಲ್ಲ. ಷಡ್ಡಕರು ನನ್ನ ಹೆಗಲ ಮೇಲೆ ಕೈಯಿಟ್ಟು, ಬಾಗಿ, ತಾವೇ ಒತ್ತಿದರು.