ರಾಜಕುಮಾರಿಯ ತವರು

ನನ್ನದೊಂದು ಕೆಟ್ಟ ಚಾಳಿಯಿದೆ. ಗೊತ್ತಿಲ್ಲದ ಸಂಗತಿಯನ್ನು ಯಾರಾದರೂ ಕೇಳಿದರೆ ಉತ್ತರ ಸಿಗುವವರೆಗೆ ಕೂತಲ್ಲಿ ಕೂರಲಾರೆ. ಗೊತ್ತಿರುವ ಕೆಲಸವನ್ನು ಹೇಳಿದರೆ ಮಾತ್ರ ಆರಾಮಾಗಿ ಮರೆಯಬಲ್ಲೆ. ಕೊಲ್ಲಿ ದೇಶದ ಜುಬೈಲಿನಲ್ಲಿ ಕೆಲಸಕ್ಕಿದ್ದಾಗ ಈ ಎರಡೂ ಒಟ್ಟಿಗೇ ಬಂದು ನನ್ನ ಕೊರಳಿಗೆ ಬಿದ್ದವು.

ಹೆಂಡತಿ ಜೊಹರಾಗೆ ಆಗ ಏಳನೇ ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮ ಕಡೆಯ ರೂಢಿ. ಎಂಟು ತುಂಬಿದರೆ ವಿಮಾನದವರು ಹತ್ತಿಸಿಕೊಳ್ಳಲು ತಕರಾರು ಮಾಡುತ್ತಾರೆ. ಅವಳು ಊರಿಗೆ ಹೋಗಿಬರುವ ವೀಸಾಕ್ಕೆ ನಾನು ಆಫೀಸಿನಲ್ಲಿ ಒಂದು ಅರ್ಜಿ ಕೊಡಬೇಕಿತ್ತು, ಅಷ್ಟೆ. ಒಂದು ದಿನ ಮ್ಯಾನೇಜರನ ಮುಖ ಸರಿಯಿಲ್ಲ ಎನ್ನುತ್ತಿದ್ದೆ, ಇನ್ನೊಂದು ದಿನ ನನ್ನ ಮುಖವೇ ಸರಿಯಿರುತ್ತಿರಲಿಲ್ಲ. ಸೊಸೆಯ ಆರೈಕೆಗೆಂದು ವಿಸಿಟ್ ವೀಸಾದಲ್ಲಿ ಬಂದಿದ್ದ ಉಮ್ಮ ಇದನ್ನೆಲ್ಲ ನೋಡುತ್ತಿದ್ದರು, ಚಕಾರ ಎತ್ತುತ್ತಿರಲಿಲ್ಲ. ಗಂಡಹೆಂಡಿರ ನಡುವೆ ಬಾಯಿ ಹಾಕಬಾರದೆಂಬುದು ಅವರ ಕಾನೂನು.

ಹೊತ್ತು ಕಳೆಯಲು ಅವರಿಗೆ ಸಿಕ್ಕಿದ್ದು ಟಿವಿ. ಭಾಷೆ ತಿಳಿಯದಿದ್ದರೂ ಅದರಲ್ಲಿ ಬರುತ್ತಿದ್ದ ಯುರೋಪಿನ ರಾಜಕುಮಾರಿಯೊಬ್ಬಳನ್ನು ನೆರೆಮನೆಯ ಹುಡುಗಿಯಂತೆ ಹಚ್ಚಿಕೊಂಡರು. ಒಂದು ದೇಶದ ರಾಜನ ಮಗಳು, ಇನ್ನೊಂದು ದೇಶದ ಯುವರಾಜನ ಹೆಂಡತಿ. ಹುಟ್ಟಿದ್ದೂ ಅರಮನೆ, ಸೇರಿದ್ದೂ ಅರಮನೆ. ನಾನು ಸಂಜೆ ಬಂದು ಬೂಟು ಕಳಚುವಷ್ಟರಲ್ಲಿ ವಿಚಾರಣೆ ಶುರು. ಅವಳಿಗೆ ಅಣ್ಣಂದಿರೆಷ್ಟು, ಅತ್ತೆಯ ಸ್ವಭಾವ ಹೇಗೆ, ಮಾವ ಮಾತಾಡಿಸುತ್ತಾನೋ ಇಲ್ಲವೋ. ನಾನು ಕಂಪೆನಿಯ ಬಸ್ಸಿನಲ್ಲಿ ಮೊಬೈಲು ಹಿಡಿದು ವಂಶಾವಳಿ ಜಾಲಾಡತೊಡಗಿದೆ. ಪಕ್ಕದಲ್ಲಿ ಕೂರುತ್ತಿದ್ದ ಭಟ್ಕಳದ ಗೆಳೆಯ ಇಣುಕಿ, "ಎಂತ ಮಾರಾಯ, ಅರಮನೆಯಲ್ಲಿ ಸಂಬಂಧ ಮಾಡ್ಲಿಕ್ಕೆ ಉಂಟಾ?" ಎಂದ. ರಾಜಕುಮಾರಿಗೂ ಅವಳ ಗಂಡನಿಗೂ ಒಬ್ಬಳೇ ಮುತ್ತಜ್ಜಿಯೆಂದು ನಾನು ವರದಿ ಒಪ್ಪಿಸಿದಾಗ, ಹಾಗಾದರೆ ನಮ್ಮವರ ಹಾಗೆಯೇ ಸಂಬಂಧದೊಳಗಿನ ಮದುವೆ ಎಂದು ಉಮ್ಮ ಸಮಾಧಾನಪಟ್ಟರು.

ಒಂದು ಸಂಜೆ ಅವರು ಮಗನತ್ತ ತಿರುಗದೆ, ಟಿವಿಯತ್ತ ಕಣ್ಣಿಟ್ಟೇ ಕೇಳಿದರು: "ಹೊಟ್ಟೆ ನೋಡಿದರೆ ಅವಳಿಗೂ ಏಳು ಆದ ಹಾಗೆ ಕಾಣ್ತದೆ. ತವರಿಗೆ ಯಾವಾಗ ಕರ್ಕೊಂಡು ಹೋಗ್ತಾರೆ, ಮೋನೆ?"

ಮೂರು ದಿನ ನನಗೆ ನೆಮ್ಮದಿಯಿಲ್ಲ. ಊಟದ ಬಿಡುವಿನಲ್ಲೂ ಅದೇ ಹುಡುಕಾಟ. ಕೊನೆಗೆ ಸಿಕ್ಕಿತು. ಹೆರಿಗೆ ಗಂಡನ ದೇಶದಲ್ಲೇ, ತಾಯಿಯೇ ಅಲ್ಲಿಗೆ ಹೋಗುತ್ತಾಳಂತೆ. ರಾತ್ರಿಯೂಟಕ್ಕೆ ಕೂತು ಗೆದ್ದವನಂತೆ ಇದನ್ನು ಸಾರಿದೆ.

ಉಮ್ಮ ತುತ್ತು ಕಲಸುತ್ತಾ ಹೇಳಿದರು: "ಅವಳ ಉಮ್ಮ ರಾಣಿ. ಮನಸ್ಸಾದಾಗ ಹೊರಟು ಬರ್ತಾಳೆ. ಬಂಟ್ವಾಳದಲ್ಲಿ ಮಂಡಿನೋವು ಹಿಡ್ಕೊಂಡು ದಾರಿ ಕಾಯುವವರಿಗೆ ಹಾಗೆ ಆಗ್ತದಾ?"

ಬಂಟ್ವಾಳದಲ್ಲಿರುವುದು ಜೊಹರಾಳ ತಾಯಿ. ನನ್ನ ತಟ್ಟೆಗೆ ಮೀನಿನ ಸಾರು ಬಡಿಸುತ್ತಿದ್ದ ಜೊಹರಾಳ ಸೌಟು ಅರ್ಧದಲ್ಲೇ ನಿಂತಿತು. ಉಳಿದ ಸಾರನ್ನು ಅವಳು ಉಮ್ಮನ ತಟ್ಟೆಗೆ ಸುರಿದಳು.

ಮರುದಿನವೇ ಅರ್ಜಿ ಕೊಟ್ಟೆ. ನಾನು ತಿಂಗಳಿಡೀ ಹೆದರಿದ ಮ್ಯಾನೇಜರನ ಆ ಮುಖ, ಇಷ್ಟು ದಿನ ಯಾಕೆ ಕಾದೆ ಎಂದು ಗದರಿ, ನಿಂತ ನಿಲುವಿನಲ್ಲೇ ಸಹಿ ಹಾಕಿತು. ಜೊಹರಾ ಇಲ್ಲದಿದ್ದರೆ ನನ್ನ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆಯೆಂಬುದೇ ನನಗೆ ಗೊತ್ತಿಲ್ಲ ಎಂದು ಮೇಲಧಿಕಾರಿಯ ಮುಂದೆ ಹೇಳುವುದು ಹೇಗೆ?

ಅತ್ತೆಸೊಸೆ ಒಟ್ಟಿಗೇ ಹೊರಟರು. ದಮ್ಮಾಮಿನ ವಿಮಾನ ನಿಲ್ದಾಣದಲ್ಲಿ, ರಾಜಕುಮಾರಿಗೆ ಹೆರಿಗೆಯಾದರೆ ಫೋನು ಮಾಡಿ ಹೇಳಲೇ ಎಂದು ಉಮ್ಮನನ್ನು ಕೇಳಿದೆ.

"ಯಾವ ರಾಜಕುಮಾರಿ?" ಎಂದರು ಉಮ್ಮ, ಸೊಸೆಯ ಕೈಚೀಲ ತಾವೇ ಎತ್ತಿಕೊಳ್ಳುತ್ತಾ.

ಅಂದು ಮನೆಗೆ ಬಂದವನು ಒಣ ಖುಬ್ಬೂಸ್ ರೊಟ್ಟಿ ಮುರಿಯುತ್ತಾ ಮತ್ತೆ ಮೊಬೈಲು ತೆರೆದೆ. ಇಷ್ಟು ಹುಡುಕಿದರೂ ಒಂದು ಸಂಗತಿಯನ್ನು ಮಾತ್ರ ಯಾರೂ ಬರೆದಿಲ್ಲ: ಹೆಂಡತಿ ಊರಲ್ಲಿಲ್ಲದಾಗ ಆ ಯುವರಾಜ ಉಪ್ಪನ್ನು ಎಲ್ಲಿ ಹುಡುಕುತ್ತಾನೆ?