ಹನ್ನೊಂದು ಸೂಚನೆಗಳೂ ನನ್ನ ಕನ್ನಡಕವೂ

ನಾಸಿಕ್, ೨೮ ಜೂನ್ ೧೯೬೮

ಔರಂಗಾಬಾದಿನ ಬಾಲಮಾನಸ ಮಾರ್ಗದರ್ಶನ ಮಂಡಳದ ಮುಖ್ಯ ಮಾರ್ಗದರ್ಶಕರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಆರೋಗ್ಯ, ತಮ್ಮ ಕಚೇರಿಯ ಫ್ಯಾನು, ಅದರ ಕೆಳಗೆ ತಾವು ಬರೆಯುತ್ತಿರಬಹುದಾದ ಮುಂದಿನ ಕರಪತ್ರ, ಈ ಮೂರೂ ಕ್ಷೇಮವೆಂದು ನಂಬಿ ಸಾಷ್ಟಾಂಗ ನಮಸ್ಕರಿಸುತ್ತೇನೆ. ಈ ಪತ್ರವನ್ನು ಮರಾಠಿಯಲ್ಲಿ ಬರೆಯಬಹುದಿತ್ತು; ಆದರೆ ತಮಗೆ ಅರ್ಥವಾಗಿಬಿಟ್ಟರೆ ಮನಸ್ಸಿಗೆ ನೋವಾದೀತೆಂಬ ಮರ್ಯಾದೆಯಿಂದ ಕನ್ನಡದಲ್ಲೇ ಬರೆದು, ನಮ್ಮ ಕನ್ನಡ ಸಂಘದ ಗೋಡೆಪತ್ರಿಕೆಗೆ ಅಂಟಿಸುತ್ತಿದ್ದೇನೆ.

ನಾನು ಕನ್ನಡ ಮಾಧ್ಯಮದಲ್ಲಿ ಕಲಿತು, ಬಿ.ಎ. ಮುಗಿಸಿ, ಕೋಟದ ಕಡೆಯಿಂದ ಬಂದು ಇಲ್ಲಿ ಸಣ್ಣದೊಂದು ಶಾಕಾಹಾರಿ ಹೋಟೆಲು ನಡೆಸುವವನು. ಹೋಟೆಲಿನಲ್ಲಿ ಒಂದೇ ಕಾಯಿದೆ: ಸಾಂಬಾರಿನ ಪಾತ್ರೆಯನ್ನು ಮನೆಗೆ ಒಯ್ಯುವ ಗಿರಾಕಿ, ಅದನ್ನು ತಂದೊಪ್ಪಿಸುವವರೆಗೆ ಕೊಡೆಯನ್ನೋ ಟೋಪಿಯನ್ನೋ ನಮ್ಮಲ್ಲಿ ಒತ್ತೆ ಇಟ್ಟು ಹೋಗಬೇಕು. ಏನು ಮಾಡುವುದು, ಈಗಿನ ಜನ ಅಷ್ಟು ಮರೆಗುಳಿಗಳು.

ಮಗಳು ಚಂಪಾಗೆ ಏಳು ವರ್ಷ. ಎಪ್ರಿಲ್ ಕೊನೆಗೆ ಒಂದನೆಯ ತರಗತಿಯ ಫಲಿತಾಂಶ ಕೊಡುವಾಗ ಮುಖ್ಯೋಪಾಧ್ಯಾಯಿನಿಯವರು ಅದರ ಜೊತೆಗೆ ತಮ್ಮ ಕರಪತ್ರವನ್ನೂ ಕೊಟ್ಟರು. 'ರಜೆಯ ನಂತರ ಶಾಲೆ ಪುನರಾರಂಭವಾಗುವ ಸಂದರ್ಭದಲ್ಲಿ ಬಾಲಕರಲ್ಲಿ ಉದ್ಭವಿಸುವ ಭೀತಿಯ ನಿವಾರಣಾರ್ಥ ಪಾಲಕರಿಗೆ ಹನ್ನೊಂದು ಸೂಚನೆಗಳು' ಎಂಬ ತಲೆಬರಹವನ್ನು ಓದಿ ಮುಗಿಸುವಷ್ಟರಲ್ಲಿ ಕಾಲು ರಜೆ ಕಳೆದಿತ್ತು. ನಾನದನ್ನು 'ಬಾಲಕರ ಭಯಕ್ಕೆ ಪಾಲಕರ ನಯ' ಎಂದು ಕನ್ನಡಿಸಿಕೊಂಡಿದ್ದೇನೆ. ಪ್ರಾಸಕ್ಕೆ ಪ್ರತ್ಯೇಕ ಶುಲ್ಕವಿಲ್ಲ.

ತಮ್ಮ ಕರಪತ್ರ ನಮಗೆ ಬೇಕಾಗಿತ್ತು ಎಂಬುದು ಮಾತ್ರ ನಿಜ. ಜೂನ್ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಚಂಪಾಗೆ ಹೊಟ್ಟೆನೋವು. ಮೇ ತಿಂಗಳು ಮುಗಿಯಲೇಬಾರದೆಂದು ಅವಳು ಕ್ಯಾಲೆಂಡರಿನ ಆ ಹಾಳೆಗೆ ಅನ್ನ ಹಚ್ಚಿ ಜೂನಿನ ಹಾಳೆಗೆ ಅಂಟಿಸಿಬಿಟ್ಟಿದ್ದಳು.

ಮಳೆ ಬಂತೆಂದು ಕಪ್ಪೆಗೆ ಹಿಗ್ಗು,
ಶಾಲೆ ಬಂತೆಂದು ಕೂಸಿಗೆ ಕುಗ್ಗು.

ಆದ್ದರಿಂದ ತಮ್ಮ ನಾಲ್ಕನೆಯ ಸೂಚನೆಯನ್ನು ವೇದವಾಕ್ಯವೆಂದು ತಿಳಿದೆ. 'ರಜೆಯಲ್ಲಿಯೇ ಒಮ್ಮೆ ಬಾಲಕನನ್ನು ಶಾಲೆಗೆ ಕರೆದೊಯ್ದು, ಅಲ್ಲಿಯ ಕೋಣೆ, ಗಂಟೆ, ನೀರಿನ ಸ್ಥಳ ಮುಂತಾದವುಗಳ ಪರಿಚಯ ಮಾಡಿಸತಕ್ಕದ್ದು.' ಮೇ ತಿಂಗಳಲ್ಲಿ ಈ ಊರಿನ ಶಾಲೆಗಳನ್ನು ಮದುವೆಗೆ ಬಂದ ಗಂಡಿನ ಕಡೆಯವರ ಬಿಡಾರಕ್ಕೆ ಕೊಡುತ್ತಾರೆಂಬುದು ಕೂಸಿಗೂ ಗೊತ್ತಿರುವ ಸಂಗತಿಯಾದ್ದರಿಂದ, ತಮ್ಮಂಥ ಪಂಡಿತರು ಅದನ್ನು ಬೇರೆ ಬರೆಯಲಿಲ್ಲ. ನನಗೂ ಗೊತ್ತಿತ್ತು. ಗೊತ್ತಿದ್ದೇ ಹೋದೆ, ಏಕೆಂದರೆ ಅಲ್ಲಿಗೆ ಬೆಳಗಿನ ಉಪ್ಪಿಟ್ಟು ನಮ್ಮ ಹೋಟೆಲಿನದೇ ಆಗಿತ್ತು, ಒಂದೇ ದಾರಿಯಲ್ಲಿ ಎರಡು ಕೆಲಸ ಎಂದುಕೊಂಡೆ.

ಪರಿಚಯವೇನೋ ಅದ್ಭುತವಾಗಿ ಆಯಿತು. ಮುಖ್ಯೋಪಾಧ್ಯಾಯಿನಿಯವರ ಕುರ್ಚಿಯಲ್ಲಿ ಚಾಂದವಡದ ಮದುಮಗ ಮುಖಕ್ಕೆ ಸಾಬೂನು ಹಚ್ಚಿಸಿಕೊಂಡು ಕ್ಷೌರಕ್ಕೆ ಕುಳಿತಿದ್ದ. ಎರಡನೆಯ ತರಗತಿಯ ಕೋಣೆಯ ತುಂಬ ಹಾಸಿಗೆ, ಹಾಸಿಗೆಯ ಮೇಲೆ ಅತ್ತೆಯರು, ಅತ್ತೆಯರ ನಡುವೆ ಬೂಂದಿ ಲಾಡಿನ ಬುಟ್ಟಿ. ಕುಡಿಯುವ ನೀರಿನ ಹಂಡೆಯಲ್ಲಿ ಮಾವಿನಕಾಯಿಯ ಪಾನಕ. ಅಂಗಳದಲ್ಲಿ ಬ್ಯಾಂಡು. ವರ್ಷವಿಡೀ ಮುಖ ಗಂಟಿಕ್ಕಿಕೊಂಡು ಗಂಟೆ ಹೊಡೆಯುವ ಆಯಾ ಪಾರ್ವತಿಬಾಯಿ ಅಂದು ತಲೆಗೆ ಮಲ್ಲಿಗೆ ಮುಡಿದು, ಊಟದ ಪಂಕ್ತಿ ಎದ್ದಾಗಲೊಮ್ಮೆ ಕೂತಾಗಲೊಮ್ಮೆ ಅದೇ ಗಂಟೆಯನ್ನು ನಗುನಗುತ್ತ ಬಾರಿಸುತ್ತಿದ್ದಳು. ಮಗಳು ನನ್ನ ಕೈ ಹಿಡಿದುಕೊಂಡೇ ಮೂರು ಲಾಡು ತಿಂದಳು. ಮನೆಗೆ ಬಂದವಳೇ ಕ್ಯಾಲೆಂಡರಿನ ಹಾಳೆಗೆ ನೀರು ಹಚ್ಚಿ ಮೇ ತಿಂಗಳನ್ನು ಬಿಡಿಸತೊಡಗಿದಳು.

ಜೂನ್ ಹತ್ತರಂದು ಅವಳು ಹಸಿರು ರೇಷ್ಮೆ ಪರಕಾರ ಉಟ್ಟು, ಹೂ ಮುಡಿದು, ಲಾಡು ತರಲು ಒಂದು ಡಬ್ಬಿಯನ್ನೂ ಹಿಡಿದು ಹೊರಟಳು. ಮುಂದಿನದನ್ನು ತಮ್ಮಂಥ ಮಾನಸತಜ್ಞರಿಗೆ ನಾನು ವಿವರಿಸುವುದು ಹನುಮಂತನಿಗೆ ಬಾಲ ತೋರಿಸಿದಂತೆ. ಪ್ರಾರ್ಥನೆ ಮುಗಿಯುವ ಮೊದಲೇ ಅವಳು ನನ್ನ ಹಿಂದೆ ಓಡಿಬಂದು, ಇದು ಆ ಶಾಲೆಯೇ ಅಲ್ಲವೆಂದು ಅರ್ಧ ಮರಾಠಿಯಲ್ಲಿ ತೀರ್ಪು ಕೊಟ್ಟಳು: "ಅಪ್ಪಾ, ಹೀ ಶಾಳಾ ಅಲ್ಲ. ನೀವು ಕರ್ಕೊಂಡು ಹೋದದ್ದು ಬೇರೆ. ಬ್ಯಾಂಡ್ ಇತ್ತಲ್ಲ, ತೀ ಶಾಳಾ."

ಅಂದಿನಿಂದ ಹೊಟ್ಟೆನೋವಿನ ಜೊತೆಗೆ ಅವಿಶ್ವಾಸವೂ ಸೇರಿಕೊಂಡಿತು. ಎಂಟನೆಯ ದಿನ ಶಾಲೆಯಿಂದ ಚೀಟಿ ಬಂತು: ಇಪ್ಪತ್ತನಾಲ್ಕನೆಯ ತಾರೀಕಿನೊಳಗೆ ಹುಡುಗಿ ಹಾಜರಾಗದಿದ್ದರೆ ಹಾಜರಿಪುಸ್ತಕದಿಂದ ಹೆಸರು ತೆಗೆಯಲಾಗುವುದು, ಜಾಗಕ್ಕೆ ಕಾದಿರುವವರು ಬಹಳ ಮಂದಿ ಇದ್ದಾರೆ. ನಾನು ಮತ್ತೆ ತಮ್ಮ ಪಾದಗಳಿಗೆ, ಅಂದರೆ ಆರನೆಯ ಸೂಚನೆಗೆ, ಶರಣಾದೆ. 'ಮನೆಯಲ್ಲಿ ಶಾಲೆಯ ಆಟವಾಡಿರಿ; ಬಾಲಕನು ಗುರುವಾಗಲಿ, ಪಾಲಕನು ಶಿಷ್ಯನಾಗಲಿ.' ನಮಗೆ ಹಗಲಿಡೀ ಹೋಟೆಲೇ ಮನೆಯಾದ್ದರಿಂದ ಅಲ್ಲಿಯೇ ಆಡಿದೆವು. ಏಳರ ಮಗ್ಗಿಯಲ್ಲಿ ತಪ್ಪಿದ್ದಕ್ಕೆ ಗುರುಗಳು ನನ್ನನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕಿವಿ ಹಿಡಿಸಿ ನಿಲ್ಲಿಸಿದರು. ಚಹಾ ಕುಡಿಯುತ್ತಿದ್ದ ಒಬ್ಬರು, "ಐತಾಳರೇ, ನಿನ್ನೆಯ ಚಟ್ನಿಗೆ ಈ ಶಿಕ್ಷೆ ಸಾಲದು ಮಾರಾಯ್ರೆ," ಅಂದರು. ಆಟದ ಕೊನೆಗೆ ನನಗೆ ಶಾಲೆಯ ಭಯ ಬಂದಿತ್ತು. ಅವಳಿಗೆ ಇದ್ದದ್ದು ಹೋಗಿರಲಿಲ್ಲ.

ಇನ್ನು ಒಂಬತ್ತನೆಯ ಸೂಚನೆ. 'ಬಾಲಕನ ಭಯಗಳನ್ನು ಅವನ ಬಾಯಿಂದಲೇ ಹೇಳಿಸಿ, ನಡುವೆ ಬಾಯಿ ಹಾಕದೆ ಬರೆದುಕೊಳ್ಳತಕ್ಕದ್ದು.' ಇದನ್ನು ಒಂಬತ್ತನೆಯದಾಗಿ ಇಟ್ಟ ತಮ್ಮ ದೂರದೃಷ್ಟಿಯನ್ನು ಎಷ್ಟು ಹೊಗಳಿದರೂ ಸಾಲದು. ಮೊದಲನೆಯದಾಗಿ ಇಟ್ಟಿದ್ದರೆ ಉಳಿದ ಹತ್ತು ಅನಾಥವಾಗುತ್ತಿದ್ದವು. ಇಪ್ಪತ್ತೊಂದರ ಶುಕ್ರವಾರ ಪೆನ್ಸಿಲ್ ಹಿಡಿದು ಕುಳಿತೆ. ಅವಳು ಬೆರಳು ಮಡಚುತ್ತ ಹೇಳಿದಳು: ಒಂದು, ಹಂಡೆಯಲ್ಲಿ ಹಲ್ಲಿ. ಎರಡು, ಬಾಯಿಯವರ, ಅಂದರೆ ಟೀಚರಮ್ಮನ, ಕಪ್ಪು ಕೊಡೆ. ಮೂರನೆಯ ಬೆರಳನ್ನು ಮಡಚದೆ ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ, "ಶಾಳಾ ಬಿಟ್ಟ ಮೇಲೆ ನೀವು ಬರೂದಿಲ್ಲ," ಅಂದಳು.

ನಾನು ಸೂಚನೆಯನ್ನು ಉಲ್ಲಂಘಿಸಿ ಬಾಯಿ ಹಾಕಿದೆ. ನಾನು ಯಾವತ್ತು ಬರಲಿಲ್ಲ ಎಂದು ಕೇಳಿದೆ. ಉತ್ತರ ಬಂದದ್ದು ರುಬ್ಬುವ ಕಲ್ಲಿನ ಹತ್ತಿರ ಕುಳಿತ ನನ್ನ ಹೆಂಡತಿ ಅನಸೂಯಳಿಂದ: "ಮಾರ್ಚಿಯಲ್ಲಿ ಮರೆತದ್ದು ನೀವೇ ಅಲ್ದಾ."

ಹೌದು, ಮಾನ್ಯರೇ. ಮಾರ್ಚಿಯಲ್ಲಿ ಒಂದು ದಿನ ಪಿಂಪಳಗಾಂವ್ ಬಸವಂತದ ಈರುಳ್ಳಿ ವ್ಯಾಪಾರಿಗಳು ಹದಿನಾಲ್ಕು ಜನ ಒಟ್ಟಿಗೆ ಊಟಕ್ಕೆ ಬಂದರು. ಹನ್ನೊಂದೂವರೆಗೆ ಶಾಲೆ ಬಿಟ್ಟಿತು. ನನಗೆ ಮಗಳ ನೆನಪಾದಾಗ ಒಂದು ಗಂಟೆ. ಬೀಗ ಹಾಕಿದ ಗೇಟಿಗೆ ಬೆನ್ನು ಕೊಟ್ಟು ಅವಳು ಬಿಸಿಲಿನಲ್ಲಿ ನಿಂತಿದ್ದಳು, ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ನೆನಪಿರುತ್ತಿತ್ತೋ ಏನೋ. ಮದುವೆಯ ದಿನ ಅವಳಿಗೆ ಆ ಶಾಲೆ ಹಿಡಿಸಿದ್ದು ಲಾಡಿನಿಂದ ಎಂದು ನಾನು ತಿಳಿದಿದ್ದೆ. ಅಂದು ಪೂರ್ತಿ ಅವಳು ನನ್ನ ಕೈ ಬಿಟ್ಟಿರಲಿಲ್ಲ ಎಂಬುದು ಲೆಕ್ಕಕ್ಕೇ ಬಂದಿರಲಿಲ್ಲ.

ಇನ್ನು ಮರೆಯುವುದಿಲ್ಲ ಎಂದು ಮಾತು ಕೊಟ್ಟೆ. ಬರಿಯ ಮಾತಿಗೆ ಅವಳು ಮೂರು ಕಾಸಿನ ಬೆಲೆಯನ್ನೂ ಕೊಡದೆ, "ನೀವು ಜನರ ಟೋಪಿ ಇಟ್ಕೊಳ್ತೀರಿ. ನನ್ನ ಹತ್ರ ಎಂತ ಇಡ್ತೀರಿ?" ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ನನ್ನ ಮೂಗಿನ ಮೇಲಿಂದ ಕನ್ನಡಕ ತೆಗೆದು, ಬಳಪದ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿದಳು.

ಶನಿವಾರ ಅವಳು ಆ ಬಳಪದ ಡಬ್ಬಿಯೊಂದಿಗೆ ಶಾಲೆಗೆ ಹೋದಳು. ಅಂದು ಹೋಟೆಲಿನಲ್ಲಿ ಮೂರನೆಯ ಮೇಜಿನ ಹಿರಿಯರಿಗೆ ನಾನು ಬಗ್ಗಿ ಕೈಮುಗಿದೆ. ಅದು ಗೂಟಕ್ಕೆ ತೂಗುಹಾಕಿದ ಕೋಟು. ಹನ್ನೊಂದಕ್ಕೆಲ್ಲ ಗೋಡೆ ತಡವಿಕೊಂಡು ಹೋಗಿ ಗೇಟಿನಲ್ಲಿ ನಿಂತೆ. ಪಾರ್ವತಿಬಾಯಿ ನನ್ನನ್ನು ನೋಡಿ, "ಕಾಯ್ ಶೇಠ್, ಆಜ್ ಪಣ್ ಲಗ್ನ ಆಹೆ ಕಾ?" ಎಂದು, ಇವತ್ತೂ ಮದುವೆ ಇದೆಯೋ ಎಂದು, ವಿಚಾರಿಸಿದಳು. ಗಂಟೆಯಾಯಿತು. ಮಗಳು ಎಲ್ಲರಿಗಿಂತ ಕೊನೆಗೆ, ಸಾವಕಾಶವಾಗಿ ಬಂದಳು. ಒತ್ತೆ ಅವಳ ಕೈಯಲ್ಲಿತ್ತು, ಅವಸರ ನನ್ನದಾಗಿತ್ತು. ಆವತ್ತಿನಿಂದ ಒಂದು ದಿನವೂ ತಪ್ಪಿಲ್ಲ, ಅವಳೂ, ನಾನೂ.

ಆದುದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ: ಮುಂದಿನ ಜೂನಿನಿಂದ ಪ್ರತಿ ಶಾಲೆಗೊಂದು ಬ್ಯಾಂಡು, ಪ್ರತಿ ತರಗತಿಗೆ ಕ್ಷೌರಕ್ಕೆ ಸಿದ್ಧನಾದ ಒಬ್ಬ ಮದುಮಗ, ಹಂಡೆಗೆ ಪಾನಕ, ಇವುಗಳನ್ನು ಮಂಡಳದ ವತಿಯಿಂದ ಒದಗಿಸಬೇಕು. ಅದು ಕಷ್ಟವಾದರೆ, ಹೊತ್ತಿಗೆ ಸರಿಯಾಗಿ ಗೇಟಿನ ಹತ್ತಿರ ಒಬ್ಬ ಅಪ್ಪನನ್ನು ನಿಲ್ಲಿಸುವ ಏರ್ಪಾಡಾದರೂ ಆಗಲಿ. ಎರಡರಲ್ಲಿ ಯಾವುದು ಹೆಚ್ಚು ಕಷ್ಟವೆಂದು ನನಗೆ ಈಗ ಗೊತ್ತಿದೆ.

ಕನ್ನಡಕ ಕೈಗೆ ಬಂದ ಹೊತ್ತಿನಲ್ಲಿ ಮಾತ್ರ,
ತಮ್ಮ ವಿಶ್ವಾಸಿ,
ಉಮಾನಾಥ ಐತಾಳ

ಮರೆತ ಮಾತು: ತಾವು ಹನ್ನೆರಡನೆಯ ಸೂಚನೆಯನ್ನು ಸಿದ್ಧಪಡಿಸುತ್ತಿದ್ದೀರೆಂದು ಶಾಲೆಯಲ್ಲಿ ಕೇಳಿದೆ. ದಯವಿಟ್ಟು ಅದನ್ನು ಬೆಳಗಿನ ಏಳರಿಂದ ಹನ್ನೊಂದೂವರೆಯ ಒಳಗೆ ತಲುಪುವಂತೆ ಕಳಿಸಿಕೊಡಿ. ಆ ವೇಳೆಯಲ್ಲಿ ನನಗೆ ಒಂದಕ್ಷರವೂ ಕಾಣುವುದಿಲ್ಲ.