ಎಲ್ಲರೂ ಮುಟ್ಟುವ ಶೀಟು

ಲೆಕ್ಕದ ಮೇಡಂಗೆ ಯಾವ ಹೆಸರು ಕಂಡರೂ ಅದನ್ನು ಅಕ್ಷರಮಾಲೆಯ ಸಾಲಿನಲ್ಲಿ ನಿಲ್ಲಿಸಿಬಿಡಬೇಕು. ಆವತ್ತಿನ ಅನಾಹುತಕ್ಕೆಲ್ಲ ಮೂಲ ಇಷ್ಟೇ.

ಅದು ಕಬ್ಬಿಣದ ಬೀರು ಮಾಡುವ ಕಾರ್ಖಾನೆ. ಬೀರುಗಳ ನಕ್ಷೆ ಬರೆಯುವವನನ್ನು ಎಲ್ಲರೂ ಕರೆಯುತ್ತಿದ್ದದ್ದು ಗೆರೆಯಪ್ಪ ಅಂತ. ಅಳತೆಗೊಂದು ನಕ್ಷೆ ಬರೆದು ಬರೆದು ಕಣ್ಣು ಗುಳಿ ಬಿದ್ದ ಮೇಲೆ ಅವನೊಂದು ಉಪಾಯ ಮಾಡಿದ್ದ. ಕಂಪ್ಯೂಟರಿನಲ್ಲಿ ಒಂದೇ ಒಂದು ಬೀರು ಬರೆದು, ಅದರ ಎತ್ತರ, ಅಗಲ, ಆಳ, ಹಲಗೆಗಳ ಸಂಖ್ಯೆಯನ್ನೆಲ್ಲ ಒಂದು ಎಕ್ಸೆಲ್ ಶೀಟಿಗೆ ಕೊಂಡಿ ಹಾಕಿದ್ದ. ಸಾಲಿಗೊಂದು ಬೀರು. ಶೀಟಿನಲ್ಲಿ ಅಂಕಿ ತಿದ್ದಿದರೆ ಸಾಕು, ನಕ್ಷೆಯ ಬೀರು ತಾನಾಗಿ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು.

ಇದನ್ನು ನೋಡಿ ಧಣಿಗಳು ಕುಣಿದಾಡಿದರು. "ಇಲ್ಲಿ ಬರೆದ್ರೆ ಅಲ್ಲಿ ಬದಲಾಗುತ್ತಾ! ಇಂಥದ್ದು ಎಲ್ಲರ ಕೈಗೂ ಸಿಗೋ ಹಾಗಿರ್ಬೇಕು ಕಣಯ್ಯ" ಎಂದು ಅದನ್ನು ಎತ್ತಿ ಆಫೀಸಿನವರೆಲ್ಲ ತೆರೆಯುವ ಫೋಲ್ಡರಿಗೆ ಹಾಕಿಸಿದರು. ಅಲ್ಲಿಗೆ ಗೆರೆಯಪ್ಪನ ಶೀಟು ಬಾಗಿಲಿಲ್ಲದ ಮನೆಯಾಯಿತು.

ಆವತ್ತು ಒಂದು ಹಾಸ್ಟೆಲಿನ ಆರ್ಡರಿಗೆ ತಗಡು ಕತ್ತರಿಸುವ ದಿನ. ಅದು ಸುಸೂತ್ರ ಮುಗಿದರೆ ಕೆಲಸ ಕಾಯಂ ಮಾಡುವುದಾಗಿ ಧಣಿಗಳು ಮಾತು ಕೊಟ್ಟಿದ್ದರು. ಮದುವೆಯಾದಂದಿನಿಂದ ಹೆಂಡತಿ ಕಾಯುತ್ತಿದ್ದ ಮಾತು ಅದು. ಹೊರಡುವಾಗ "ಇವತ್ತಾದ್ರೂ ಒಳ್ಳೇ ಸುದ್ದಿ ತನ್ನಿ" ಎಂದಿದ್ದಳು.

ಗೆರೆಯಪ್ಪ ಬಂದು ನಕ್ಷೆ ತೆರೆದರೆ ಹಾಸ್ಟೆಲಿನ ಬೀರು ಮೊಣಕಾಲೆತ್ತರಕ್ಕೆ ಕುಕ್ಕರಗಾಲಿನಲ್ಲಿ ಕೂತಿತ್ತು. ಲೆಕ್ಕದ ಮೇಡಂ ಮೇಜಿಗೆ ಓಡಿದ.

"ಮೇಡಂ, ಶೀಟು ಮುಟ್ಟಿದ್ರಾ?"

"ಮುಟ್ಟೋದೇನು, ಒಪ್ಪ ಮಾಡಿದೀನಿ. ಹೆಸರೆಲ್ಲ ಚೆಲ್ಲಾಪಿಲ್ಲಿ ಬಿದ್ದಿತ್ತು."

"ಬರೀ ಹೆಸರು ಜರುಗಿಸಿದೀರ. ಅಳತೆ ಇದ್ದಲ್ಲೇ ಇದೆ. ಈಗ ಹಾಸ್ಟೆಲ್ ಬೀರಿಗೆ ಚಪ್ಪಲಿ ಗೂಡಿನ ಅಳತೆ ಬಂದಿದೆ!"

"ಹಾಗಾದ್ರೆ ಅಳತೇನ ನೀನು ಜರುಗಿಸ್ಕೋ. ಅರ್ಧ ಕೆಲಸ ನಾನು ಮಾಡಿಕೊಟ್ಟಿಲ್ವಾ?"

ವಾದಿಸಿದರೆ ಸಂಬಳದ ಚೀಟಿಯಲ್ಲಿ ತನ್ನ ಹೆಸರೂ ಎಲ್ಲಿಗೆ ಜರುಗೀತೋ ಎಂದು ಹೆದರಿ ಗೆರೆಯಪ್ಪ ಹಿಂದಿರುಗಿದ. ಒಂದೊಂದೇ ಸಾಲಿನ ಹೆಸರಿಗೆ ಅಳತೆ ಹೊಂದಿಸಿ ಮುಗಿಸುವಷ್ಟರಲ್ಲಿ ಬೀರಿನ ಹೊಟ್ಟೆಯೊಳಗೆ ಇದ್ದಕ್ಕಿದ್ದಂತೆ ಹಲಗೆಗಳು ಹುಟ್ಟಿಕೊಂಡವು. ಒಂದಲ್ಲ ಎರಡಲ್ಲ, ಬೆರಳು ತೂರದಷ್ಟು ಒತ್ತೊತ್ತಾಗಿ. ಮಡಚಿದ ಕರವಸ್ತ್ರ ಇಡಲೂ ಜಾಗವಿಲ್ಲ.

ಇದು ಉಗ್ರಾಣದವನ ಕೈಚಳಕ.

"'ಹಲಗೆ' ಅಂತ ಬರ್ದಿತ್ತಪ್ಪ. ಉಗ್ರಾಣದಲ್ಲಿ ಎಷ್ಟಿದೆ ಅಂತ ಕೇಳ್ತಿದೀಯ ಅನ್ಕೊಂಡು ಎಣಿಸಿ ತುಂಬಿದೆ. ಬೆನ್ನು ಬಿದ್ದುಹೋಯ್ತು ಎಣಿಸಿ!" ಎಂದ ಅವನು, ಬೆನ್ನು ತೋರಿಸುತ್ತಾ.

ಗೆರೆಯಪ್ಪ ಅದನ್ನೂ ತಿದ್ದಲು ಹೋದ. ಪರದೆ ಒಪ್ಪಲಿಲ್ಲ. ಶೀಟು ಇನ್ಯಾರದೋ ಕೈಯಲ್ಲಿದೆ, ನೀನು ನೋಡಬಹುದು, ಬರೆಯುವ ಹಾಗಿಲ್ಲ ಎಂದಿತು. ಯಾರ ಕೈ? ಮೇಜು ಮೇಜು ಸುತ್ತಿದ ಮೇಲೆ ಗೊತ್ತಾಯಿತು, ಅವನ ಭಾವ. ಅಂದರೆ ಅಕ್ಕನ ಗಂಡ, ಮಾರಾಟ ವಿಭಾಗದ ಮುಖ್ಯಸ್ಥ. ಗೆರೆಯಪ್ಪನಿಗೆ ಈ ಕೆಲಸ ಕೊಡಿಸಿದ್ದು ಅವನೇ. ಕೊಡಿಸಿದ್ದು ಒಂದು ಸಲ, ಹೇಳಿಕೊಂಡದ್ದು ದಿನಾ. ಶೀಟು ತೆರೆದಿಟ್ಟು ಭಾವ ಗೇಟಿನ ಬಳಿ ಹೋಗಿ ಗಿರಾಕಿಯೊಬ್ಬನ ಹತ್ತಿರ ಫೋನಿನಲ್ಲಿ ನಗುತ್ತಿದ್ದ.

ಕೈಕಾಲು ಹಿಡಿದು ಕರೆತಂದು ನೋಡಿದರೆ, ಪ್ರತಿ ಅಂಕಿಯ ಮುಂದೂ ಭಾವ "ಸುಮಾರು" ಎಂದು ಸೇರಿಸಿದ್ದ. ಅಂಕಿ ಇರಬೇಕಾದಲ್ಲಿ ಅಕ್ಷರ ಕಂಡು ನಕ್ಷೆಯ ತುಂಬ ಕೆಂಪು ಗುರುತು ಎದ್ದಿತ್ತು, ದಡಾರ ಬಂದ ಮಗುವಿನ ಮೈಯಂತೆ.

"ಭಾವ, ಇದೇನ್ ಮಾಡಿದ್ರಿ?"

"ಗಿರಾಕಿ ಹತ್ರ ಅಷ್ಟು ಖಡಾಖಂಡಿತ ಮಾತಾಡ್ಬಾರ್ದು ಕಣೋ. ನಾಳೆ ಹೆಚ್ಚುಕಮ್ಮಿ ಆದ್ರೆ?"

"ತಗಡನ್ನ ಸುಮಾರಾಗಿ ಕತ್ತರಿಸಕ್ಕಾಗುತ್ತಾ ಭಾವ?" ಗೆರೆಯಪ್ಪನ ದನಿ ಸ್ವಲ್ಪ ಏರಿತು.

ತನ್ನ ಮೇಜಿಗೆ ಮರಳುವ ಮೊದಲೇ ಅಕ್ಕನ ಫೋನು. "ಏನೋ, ನಿಮ್ಮ ಭಾವಂಗೆ ಎಲ್ಲರೆದುರು ಎದುರು ಮಾತಾಡಿದ್ಯಂತೆ? ಅನ್ನ ಹಾಕಿದೋರ ಕೈ ಕಚ್ಚೋದು ಯಾವಾಗ ಕಲಿತೆ?"

ಅವಳಿಗೆ ಸಮಾಧಾನ ಹೇಳುತ್ತಿರುವಾಗ ತಗಡು ಕತ್ತರಿಸುವ ಮೇಸ್ತ್ರಿ ಬಂದು ಬಾಗಿಲಿಗೆ ಒರಗಿ ನಿಂತ. "ಯಂತ್ರ ಬಾಯಿ ತೆರ್ಕೊಂಡು ಕೂತಿದೆ. ನಕ್ಷೆ ಕೊಡ್ತೀಯೋ, ಹೋಗಿ ಮಲಗಲೋ?"

ಆಗ ಗೆರೆಯಪ್ಪನ ತಾಳ್ಮೆ ಕೆಟ್ಟಿತು. ಶೀಟಿನ ಒಂದು ನಕಲು ತೆಗೆದು ತನ್ನ ಕಂಪ್ಯೂಟರಿನಲ್ಲಿ, ಬೇರೆ ಯಾರೂ ಇಣುಕದ ಕಡೆ ಇಟ್ಟ. ಒಂದೊಂದು ಅಂಕಿಯನ್ನೂ ಆರ್ಡರಿನ ಜೊತೆ ತಾಳೆ ನೋಡಿ ತಿದ್ದಿದ. ಆಮೇಲೆ ಬೀರನ್ನು ಎಲ್ಲರ ಶೀಟಿನಿಂದ ಬಿಡಿಸಿ ತನ್ನ ಶೀಟಿಗೆ ಕೊಂಡಿ ಹಾಕಿದ. ಬೀರು ಬೆನ್ನು ನೆಟ್ಟಗೆ ಮಾಡಿ ಎದ್ದು ನಿಂತಿತು. ನಕ್ಷೆ ಮೇಸ್ತ್ರಿಯ ಕೈ ಸೇರಿತು. ಯಂತ್ರದ ಸದ್ದು ಶುರುವಾಯಿತು.

ಎಷ್ಟೋ ತಿಂಗಳ ಮೇಲೆ ಗೆರೆಯಪ್ಪ ಕುರ್ಚಿಗೆ ಬೆನ್ನು ಕೊಟ್ಟು ಕೂತ. ಲೆಕ್ಕದ ಮೇಡಂ ಎಲ್ಲರ ಶೀಟಿಗೆ ಗುಲಾಬಿ ಬಣ್ಣ ಬಳಿಯುತ್ತಿದ್ದುದು ಕಂಡಿತು. ಬಳೀರಮ್ಮ, ಚೆನ್ನಾಗಿ ಬಳೀರಿ ಅಂದುಕೊಂಡು ಹೆಂಡತಿಗೆ ಫೋನು ಮಾಡಿದ. "ಕೆಲಸ ಆದ ಹಾಗೇ ಕಣೆ."

ಸಂಜೆ ಮೊದಲ ಬೀರು ಜೋಡಿಸಿ ನಿಲ್ಲಿಸಿದ್ದರು. ನೋಡಲು ಹಾಸ್ಟೆಲಿನ ವಾರ್ಡನಮ್ಮ ಬಂದರು, ಜೊತೆಗೊಂದು ದೊಡ್ಡ ಸೂಟ್‌ಕೇಸು. ಅದನ್ನು ಬೀರಿನೊಳಗಿಟ್ಟು ಬಾಗಿಲು ತಳ್ಳಿದರು. ಮುಚ್ಚಲಿಲ್ಲ. ಭಾವ ಬಂದು ಭುಜ ಕೊಟ್ಟ. ಉಗ್ರಾಣದವನು ಸೊಂಟ ಕೊಟ್ಟ. ಬಾಗಿಲು ನರಳಿತೇ ಹೊರತು ಮುಚ್ಚಲಿಲ್ಲ.

"ಇದಕ್ಕೇ ಅಲ್ವಾ ನಾನು ಮಧ್ಯಾಹ್ನ ಫೋನ್ ಮಾಡಿ ಹೇಳಿದ್ದು, ಆಳ ಜಾಸ್ತಿ ಮಾಡಿ ಅಂತ?" ವಾರ್ಡನಮ್ಮ ಧಣಿಗಳತ್ತ ತಿರುಗಿದರು.

"ಮಾಡಿದೀನಲ್ಲಮ್ಮ! ಬೇರೆಯವರಿಗೆ ಹೇಳಿದ್ರೆ ಎಲ್ಲಿ ಮರೀತಾರೋ ಅಂತ ನಾನೇ ಕೈಯಾರೆ ಶೀಟಲ್ಲಿ ಬರ್ದೆ."

ಎಲ್ಲರೂ ಕಂಪ್ಯೂಟರಿನ ಮುಂದೆ ಮುಗಿಬಿದ್ದರು. ಧಣಿಗಳು ಬರೆದದ್ದು ನಿಜವಾಗಿತ್ತು. ಸರಿಯಾದ ಸಾಲು, ಸರಿಯಾದ ಚೌಕ, ಬರೀ ಅಂಕಿ. ಆ ಶೀಟು ಹುಟ್ಟಿದಾಗಿನಿಂದ ಅದರಲ್ಲಿ ಗೆರೆಯಪ್ಪನನ್ನು ಬಿಟ್ಟು ಬೇರೊಬ್ಬರು ತಪ್ಪಿಲ್ಲದೆ ಬರೆದದ್ದು ಅದೊಂದೇ. ಅಷ್ಟು ಹೊತ್ತಿಗೆ ಆ ಶೀಟಿಗೂ ಬೀರಿಗೂ ಸಂಬಂಧವೇ ಉಳಿದಿರಲಿಲ್ಲ.

"ಇಲ್ಲಿ ಬರೆದ್ರೆ ಅಲ್ಲಿ ಬದಲಾಗುತ್ತೆ ಅಂತ ಹೇಳಿದ್ದು ನೀನೇ ಅಲ್ವೇನಯ್ಯ?" ಧಣಿಗಳು ಕೇಳಿದರು.

ಗೆರೆಯಪ್ಪ ಇದ್ದದ್ದು ಇದ್ದ ಹಾಗೆ ಹೇಳಿದ.

"ಕದ್ದುಮುಚ್ಚಿ ಬೇರೆ ಒಲೆ ಹೂಡಿದ್ಯೇನೋ!" ಎಂದ ಭಾವ. ಲೆಕ್ಕದ ಮೇಡಂ ಮೂಗಿನ ಮೇಲೆ ಬೆರಳಿಟ್ಟರು. ಉಗ್ರಾಣದವನು "ನಾನು ಬೆನ್ನು ಮುರ್ಕೊಂಡು ಎಣಿಸಿದ್ದು ಯಾವ ಶೀಟಿಗೆ ಹಾಗಾದ್ರೆ?" ಎಂದು ನಿಜಕ್ಕೂ ನೊಂದುಕೊಂಡ.

"ಎಷ್ಟು ಕತ್ತರಿಸಿದೀಯ?" ಧಣಿಗಳು ಮೇಸ್ತ್ರಿಯನ್ನು ಕೇಳಿದರು.

"ಎಲ್ಲಾ ಸಾರ್. ಇವತ್ತು ಯಾಕೋ ಒಂದು ತಪ್ಪೂ ಬರ್ಲಿಲ್ಲ, ಸರಸರ ಮುಗೀತು. ಕತ್ತರಿಸಿದ ತಗಡು ಇನ್ನು ಹಿಗ್ಗಲ್ಲ."

ಧಣಿಗಳು ಹೋಗಿ ಬೀರಿನ ಬಾಗಿಲನ್ನು ತಾವೇ ಒಮ್ಮೆ ತಳ್ಳಿ ನೋಡಿದರು. ಕೂಗಾಡಲಿಲ್ಲ. ಕೂಗಾಡಿದ್ದರೇ ವಾಸಿ ಇತ್ತು.

"ಇನ್ಮೇಲೆ ಶೀಟು ಮೇಡಂ ಸುಪರ್ದಿಗೆ. ನಿಮ್ಮ ಭಾವ ಬರೀತಾರೆ, ಉಗ್ರಾಣದವ್ನು ಬರೀತಾನೆ. ನೀನು ನೋಡ್ಬಹುದು, ಮುಟ್ಟೋ ಹಾಗಿಲ್ಲ."

"ಆಗ್ಲಿ ಸಾರ್. ಮತ್ತೆ... ಆ ಕಾಯಂ ವಿಷಯ?"

"ಅದೊಂದು ನಾನು ಮರ್ತಿಲ್ಲ ಕಣಯ್ಯ" ಎಂದರು ಧಣಿಗಳು, ಅವನ ಹೆಗಲು ತಟ್ಟಿ. "ಬೀರಿನ ಅಳತೆ ಹೆಚ್ಚುಕಮ್ಮಿ ಆದ್ರೆ ಯಾಕೆ ಅಂತ ಹಿಡಿದು ಕೇಳೋಕೆ ಒಬ್ಬ ಕಾಯಂ ಮನುಷ್ಯ ಬೇಕಲ್ಲ. ಅದು ಇವತ್ತಿಂದ ನೀನೇ. ಸಂಬಳ ಹಳೇದೇ."